ಹೊಸ ಚಾಕರಿ, ಹಳೆಯ ಪುಸ್ತಕ

ವರ್ಷವರ್ಷವೂ ನಮ್ಮ ನಾಡಿನ ಕಛೇರಿಗಳಿಗೆ ಹೊಸಬರು ಬಂದು ಸೇರುತ್ತಿರುವರು. ನೇಮಕದ ಆಜ್ಞೆ ಕೈಗೆ ಬಂದ ದಿನ ಮನೆಯಲ್ಲಿ ಹಬ್ಬವಾಗುವುದು. ದೇವರಿಗೆ ಹಣ್ಣುಕಾಯಿ, ನೆರೆಹೊರೆಗೆ ಸಿಹಿ, ದೂರದ ನೆಂಟರಿಗೆ ಸುದ್ದಿ. ಇದು ಸಹಜವೂ ಉಚಿತವೂ ಆದದ್ದೇ. ಆದರೆ ಈ ಸಂಭ್ರಮದ ಬೆನ್ನಿಗೇ ಮನೆಯ ಮೂಲೆಯಲ್ಲಿ ಇನ್ನೊಂದು ಕೆಲಸವು ಸದ್ದಿಲ್ಲದೆ ನಡೆದುಹೋಗುವುದನ್ನು ವಾಚಕರು ಗಮನಿಸಿರಬಹುದು. ಪರೀಕ್ಷೆಗೆಂದು ನಾಲ್ಕಾರು ವರ್ಷ ಓದಿದ ಪುಸ್ತಕಗಳನ್ನೆಲ್ಲ ಹುರಿಯಿಂದ ಬಿಗಿದು, ಹಳೆಯ ಪುಸ್ತಕದಂಗಡಿಗೋ ತೂಕಕ್ಕೆ ಕೊಳ್ಳುವವನಿಗೋ ಸಾಗಿಸಿ, "ಅಬ್ಬಾ, ಇನ್ನು ಓದುವ ಕಾಟ ತಪ್ಪಿತು" ಎಂದು ತರುಣನು ನಿಟ್ಟುಸಿರು ಬಿಡುವನು. ಈ ನಿಟ್ಟುಸಿರಿನ ವಿಷಯವಾಗಿಯೇ ನಾಲ್ಕು ಮಾತು ಬರೆಯಬೇಕೆಂದು ನಮಗೆ ತೋರಿದೆ.

ತಪ್ಪು ತರುಣನದೆಂದು ನಾವು ಹೇಳಲಾರೆವು. ಅವನು ಓದಿದ್ದು ಓದಲ್ಲ, ದಾಸ್ತಾನು. ಯಾವ ಕವಿಯ ಅಂಕಿತನಾಮ ಯಾವುದು, ಯಾವ ಕೃತಿಗೆ ಯಾವ ವರ್ಷ ಯಾವ ಪ್ರಶಸ್ತಿ ಬಂದಿತು, ಇಷ್ಟನ್ನು ಗೋಣಿಚೀಲಕ್ಕೆ ಕಾಳು ತುಂಬಿದಂತೆ ತಲೆಗೆ ತುಂಬಿಕೊಂಡಿರುವನು. "ಚಿಕವೀರ ರಾಜೇಂದ್ರ"ಕ್ಕೆ ಜ್ಞಾನಪೀಠ ಪ್ರಶಸ್ತಿ ಬಂದ ವರ್ಷವನ್ನು ಕೇಳಿರಿ, ನಿದ್ದೆಯಲ್ಲಿಯೂ 1983 ಎಂದು ಉತ್ತರ ಕೊಡುವನು. ಆ ಕಾದಂಬರಿಯ ಮೊದಲನೆಯ ಪುಟವನ್ನು ತೆರೆದು ನೋಡಿದ್ದೀಯಾ ಎಂದು ಕೇಳಿದರೆ ಮುಖ ನೋಡುವನು. ಕೊಡಗಿನ ಒಬ್ಬ ಅರಸನು ಹೇಗೆ ಕೆಟ್ಟನು, ಅವನ ಸುತ್ತಲಿನ ಅಧಿಕಾರಿಗಳು ಹೇಗೆ ನಡೆದುಕೊಂಡರು, ರಾಜ್ಯವೊಂದು ಪರರ ಕೈಗೆ ಹೇಗೆ ಸೇರಿತು ಎಂಬುದನ್ನು ತಿಳಿಸುವ ಪುಸ್ತಕವದು. ಸರಕಾರದ ಕೆಲಸಕ್ಕೆ ಕಾಲಿಡುವವನು ಓದಲೇಬೇಕಾದದ್ದು. ಅದನ್ನು ಬರೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಾದರೂ ಯಾರು? ಮೈಸೂರು ಸಂಸ್ಥಾನದ ಸಿವಿಲ್ ಸರ್ವೀಸಿನಲ್ಲಿ ಅಧಿಕಾರಿಗಳಾಗಿದ್ದು, ಜಿಲ್ಲೆ ಜಿಲ್ಲೆ ಸುತ್ತಿ, 1943ರಲ್ಲಿ ತಾವಾಗಿಯೇ ಕೆಲಸ ಬಿಟ್ಟವರು. ಅವರ ಮೊದಲನೆಯ ಕಥಾಸಂಗ್ರಹವು ಅಚ್ಚಾದದ್ದು 1920ರಲ್ಲಿ, ಎಂದರೆ ಚಾಕರಿಯ ಆರಂಭದ ವರ್ಷಗಳಲ್ಲಿ. ನಮ್ಮ ತರುಣನು ಯಾವ ಬಗೆಯ ಕುರ್ಚಿಯ ಮೇಲೆ ಕೂರಲು ಹೊರಟಿರುವನೋ ಅಂಥ ಕುರ್ಚಿಯಿಂದ ಎದ್ದು ಮನೆಗೆ ಬಂದವರೊಬ್ಬರು ಬರೆದ ಕಥೆಗಳವು. ಈ ಸಂಗತಿಯನ್ನು ಯಾವ ಮಾರ್ಗದರ್ಶಿ ಪುಸ್ತಕವೂ ಪ್ರಶ್ನೆಯಾಗಿ ಕೇಳುವುದಿಲ್ಲ.

ಮಾಸ್ತಿಯವರೊಬ್ಬರೇ ಅಲ್ಲ. ಬಂಗಾಳಿಯನ್ನು ತಾವೇ ಕಲಿತು ಬಂಕಿಮರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರು ನ್ಯಾಯಾಂಗದಲ್ಲಿ ಮುನಸೀಫರಾಗಿದ್ದವರು. ಆ ಬಂಕಿಮಚಂದ್ರರಾದರೂ 1858ರಿಂದ 1891ರ ವರೆಗೆ ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿ ದುಡಿದವರೇ. "ಮಾಡಿದ್ದುಣ್ಣೋ ಮಹಾರಾಯ" ಬರೆದ ಎಂ. ಎಸ್. ಪುಟ್ಟಣ್ಣನವರು ಅಮಲ್ದಾರರು. "ಮೈಸೂರು ಮಲ್ಲಿಗೆ" 1942ರಲ್ಲಿ ಹೊರಬಂದಾಗ ಕೆ. ಎಸ್. ನರಸಿಂಹಸ್ವಾಮಿಯವರು ಸರಕಾರಿ ಗುಮಾಸ್ತರಾಗಿದ್ದರು. ಪು. ತಿ. ನರಸಿಂಹಾಚಾರ್ಯರೂ ಕಛೇರಿಯ ಮನುಷ್ಯರೇ. ಆಧುನಿಕ ಕನ್ನಡ ಸಾಹಿತ್ಯದಿಂದ ಗುಮಾಸ್ತರನ್ನೂ ಅಮಲ್ದಾರರನ್ನೂ ಉಪಾಧ್ಯಾಯರನ್ನೂ ತೆಗೆದುಹಾಕಿದರೆ ಕಪಾಟಿನಲ್ಲಿ ಉಳಿಯುವುದು ಎಷ್ಟೆಂದು ಎಣಿಸಿ ನೋಡಬಹುದು. ಎಲ್ಲ ನೌಕರರೂ ಗ್ರಂಥಕರ್ತರಾಗಲೆಂದು ನಾವು ಬಯಸುವುದಿಲ್ಲ; ಹಾಗಾದರೆ ಪತ್ರಿಕೆಗಳ ಸಂಪಾದಕರ ಗತಿಯೇನು? ಓದುವವರಾಗಲಿ, ಅಷ್ಟೇ ಸಾಕು.

ಏಕೆ ಸಾಕು, ಏಕೆ ಬೇಕು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಏಕೆಂದರೆ ಓದು ನೌಕರನ ಸ್ವಂತ ಸುಖದ ವಿಷಯ, ಅದರಿಂದ ಸಾರ್ವಜನಿಕರಿಗೇನು ಎಂದು ಕೇಳುವವರುಂಟು.

ತಾಲ್ಲೂಕು ಕಛೇರಿಗೆ ಬರುವ ಒಬ್ಬ ಮುದುಕಿಯನ್ನು ನೆನೆಯೋಣ. ಗಂಡ ತೀರಿಹೋಗಿರುವನು, ವಿಧವಾ ವೇತನಕ್ಕೆ ಅರ್ಜಿ ಹಾಕಿರುವಳು. ಎರಡು ತಿಂಗಳ ಮೇಲೆ ಅವಳಿಗೊಂದು ಪತ್ರ ಬರುವುದು: "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖಿತ ಮನವಿಯನ್ನು ಪರಿಶೀಲಿಸಲಾಗಿ, ಸದರಿ ಮನವಿಯೊಂದಿಗೆ ಲಗತ್ತಿಸಬೇಕಾದ ಅಗತ್ಯ ದಾಖಲಾತಿಗಳು ಅಪೂರ್ಣವಾಗಿರುವುದರಿಂದ, ಪ್ರಸ್ತುತ ಹಂತದಲ್ಲಿ ಸದರಿ ಕೋರಿಕೆಯು ಪರಿಗಣನಾರ್ಹವಾಗಿರುವುದಿಲ್ಲವೆಂದು ತಿಳಿಯಪಡಿಸಲಾಗಿದೆ." ಮುದುಕಿ ಇದನ್ನು ಕೈಯಲ್ಲಿ ಹಿಡಿದು ಕಛೇರಿಯ ಹೊರಗೆ ಮರದ ನೆರಳಿನಲ್ಲಿ ಕೂತಿರುವ ಅರ್ಜಿ ಬರೆಯುವವನ ಬಳಿಗೆ ಹೋಗುವಳು. "ಇದರಲ್ಲೇನು ಬರೆದವರೆ, ಸ್ವಾಮಿ?" ಎನ್ನುವಳು. ಅವನು ಓದಿ, "ಆಗಲ್ಲ ಅಂತ ಬರೆದವರೆ, ಅಜ್ಜಿ" ಎನ್ನುವನು. ಓದಿ ಹೇಳಿದ್ದಕ್ಕೆ ಕಾಸು ಪಡೆಯುವನು. ಅವಳು ಊರಿಗೆ ಹಿಂದಿರುಗುವಳು. ನಡೆದದ್ದು ಇಷ್ಟೇ: ಅರ್ಜಿಯ ಜೊತೆಯಲ್ಲಿ ಗಂಡನ ಮರಣದ ಪ್ರಮಾಣಪತ್ರವಿರಲಿಲ್ಲ. "ಅಮ್ಮಾ, ನಿಮ್ಮ ಯಜಮಾನರು ತೀರಿಕೊಂಡ ಬಗೆಗಿನ ಪ್ರಮಾಣಪತ್ರ ಇದರಲ್ಲಿಲ್ಲ; ಅದನ್ನು ತಂದುಕೊಡಿ" ಎಂಬ ಒಂದು ವಾಕ್ಯವನ್ನು ಬರೆಯಲಾರದ ಕೈಯಿಂದಾಗಿ ಒಂದು ಮನೆಯ ಒಲೆ ಕೆಲವು ತಿಂಗಳು ತಣ್ಣಗಿರುವುದು.

ಆ ಪತ್ರವನ್ನು ಬರೆದವನು ಕ್ರೂರಿಯಲ್ಲ, ಲಂಚಕೋರನೂ ಅಲ್ಲದಿರಬಹುದು. ಅವನು ಹಳೆಯ ಪತ್ರವೊಂದನ್ನು ನೋಡಿ ಇದನ್ನು ಬರೆದಿರುವನು. ಆ ಹಳೆಯ ಪತ್ರವನ್ನು ಬರೆದವನು ಅದಕ್ಕೂ ಹಳೆಯದನ್ನು ನೋಡಿ ಬರೆದಿದ್ದನು. ಅದರ ಮೂಲ ಹುಡುಕುತ್ತ ಹೋದರೆ ಯಾವುದೋ ಇಂಗ್ಲಿಷ್ ನಮೂನೆ ಸಿಕ್ಕುವುದು. ಕಛೇರಿಗೆ ಸೇರಿದ ಮೇಲೆ ಕಡತದ ಕನ್ನಡವನ್ನು ಬಿಟ್ಟು ಬೇರೆ ಕನ್ನಡವನ್ನು ಕಣ್ಣಿನಿಂದಲೂ ನೋಡದವನಿಗೆ ಕಡತದ ಕನ್ನಡವೇ ಕನ್ನಡವಾಗುವುದು. 1835ರಲ್ಲಿ ಮೆಕಾಲೆಯು ತನ್ನ ಟಿಪ್ಪಣಿಯನ್ನು ಬರೆದಾಗ ಅವನಿಗೆ ಬೇಕಾಗಿದ್ದದ್ದು ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ನಿಂತು ಮಾತು ದಾಟಿಸುವ ಒಂದು ವರ್ಗ. ಅಂಥ ಗುಮಾಸ್ತನಿಗೆ ಮನಸ್ಸಿನ ಅಗತ್ಯವಿರಲಿಲ್ಲ, ಕೈ ಸಾಕಾಗಿತ್ತು. 1947ರ ತರುವಾಯ ಆಳುವವರೂ ನಾವೇ, ಆಳಿಸಿಕೊಳ್ಳುವವರೂ ನಾವೇ. ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯೆಂದು ಸಾರುವ ಕಾನೂನು 1963ರಲ್ಲಿಯೇ ಬಂದಿತು. ಆದರೆ ಕಾನೂನು ಲಿಪಿಯನ್ನು ಬದಲಾಯಿಸಬಲ್ಲುದು, ವಾಕ್ಯವನ್ನು ಬದಲಾಯಿಸಲಾರದು. ಅದನ್ನು ಮೇಜಿನ ಮುಂದೆ ಕೂತ ಮನುಷ್ಯನೇ ಮಾಡಬೇಕು. ಮತ್ತು ಒಳ್ಳೆಯ ವಾಕ್ಯವನ್ನು ಓದದವನು ಒಳ್ಳೆಯ ವಾಕ್ಯವನ್ನು ಬರೆದದ್ದನ್ನು ನಾವು ಈವರೆಗೆ ಕಂಡಿಲ್ಲ.

ಇದು ಹೊಸ ಮಾತೇನೂ ಅಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಕೆಲಸದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ತಾಳೆಯೋಲೆಯಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಎರಡನೆಯ ಅಧಿಕರಣದ ಹತ್ತನೆಯ ಅಧ್ಯಾಯವು ಸಂಪೂರ್ಣವಾಗಿ ಸರಕಾರಿ ಬರವಣಿಗೆಯನ್ನು ಕುರಿತದ್ದು. ಬರಹಕ್ಕೆ ಆರು ಗುಣಗಳನ್ನು ಕೌಟಿಲ್ಯನು ಹೇಳುವನು: ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ. ಇವುಗಳಲ್ಲಿ ಮಾಧುರ್ಯವನ್ನು ಸೇರಿಸಿರುವುದನ್ನು ವಾಚಕರು ಗಮನಿಸಬೇಕು. ತೆರಿಗೆ, ಗೂಢಚಾರ, ಸೆರೆಮನೆಗಳ ವಿಷಯವಾಗಿ ಕಠಿನವಾಗಿ ಬರೆದ ಮನುಷ್ಯನೇ ಸರಕಾರಿ ಪತ್ರವು ಇಂಪಾಗಿರಬೇಕೆಂದನು. ಸ್ಪಷ್ಟತ್ವವೆಂದರೆ ಅವನ ಅಭಿಪ್ರಾಯದಲ್ಲಿ ಎಲ್ಲರಿಗೂ ತಿಳಿದ ಶಬ್ದಗಳ ಪ್ರಯೋಗ. ದೋಷಗಳು ಐದು: ಅಂದಗೆಟ್ಟ ಬರಹ, ಹಿಂದುಮುಂದಿಗೆ ವಿರೋಧ, ಹೇಳಿದ್ದನ್ನೇ ಹೇಳುವುದು, ಅಪಶಬ್ದ, ಕ್ರಮಗೇಡು. ಮೇಲೆ ನಾವು ಬರೆದ ಮುದುಕಿಯ ಪತ್ರದಲ್ಲಿ "ಸದರಿ" ಎರಡು ಸಲ ಬಂದಿದೆ. ಕೌಟಿಲ್ಯನ ಕಾಲದಲ್ಲಾಗಿದ್ದರೆ ಆ ಲೇಖಕನಿಗೆ ಏನಾಗುತ್ತಿತ್ತೋ ಹೇಳಲಾರೆವು.

ಓದುಗನಾದ ಅಧಿಕಾರಿಗೆ ಇನ್ನೊಂದು ವಿವೇಕವೂ ಉಂಟಾಗುವುದು. ಪಹಣಿ, ಖಾತೆ, ಜಮಾಬಂದಿ, ಹದ್ದುಬಸ್ತು ಮುಂತಾದವು ಎಲ್ಲಿಂದಲೇ ಬಂದಿರಲಿ, ರೈತನ ಬಾಯಲ್ಲಿ ನೂರಾರು ವರ್ಷ ಪಳಗಿ ಕನ್ನಡವಾಗಿರುವ ಶಬ್ದಗಳು. ಓದಿಲ್ಲದ ಉತ್ಸಾಹಿಯು ಇವನ್ನು ಕಿತ್ತು ಕಡು ಸಂಸ್ಕೃತದ ಸಮಾಸಗಳನ್ನು ನೆಡಲು ಹೊರಡುವನು, ಓದಿದವನು ಬಿಟ್ಟುಬಿಡುವನು. "ಕಡತ" ಎಂಬ ಶಬ್ದವನ್ನೇ ನೋಡಿರಿ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. ಶಾನುಭೋಗರೂ ವರ್ತಕರೂ ಲೆಕ್ಕವನ್ನು ಅದರಲ್ಲಿಡುತ್ತಿದ್ದರು. ಅದೇ ಕಪ್ಪು ಬಟ್ಟೆಯ ಮೇಲೆ ಹಾಡು, ಕಥೆ, ಯಕ್ಷಗಾನದ ಪ್ರಸಂಗಗಳನ್ನೂ ಬರೆದಿಟ್ಟದ್ದುಂಟು. ಇಂದು ಅದೇ ಹೆಸರಿನ ವಸ್ತುವು ರಟ್ಟಿನ ಹೊದಿಕೆಗೂ, ಗಣಕಯಂತ್ರದ ಪರದೆಗೂ ಬಂದು ನಿಂತಿದೆ. ಹೆಸರು ಉಳಿಯಿತು, ಹಾಡು ಹೋಯಿತು.

ಓದಿಗೂ ಊಳಿಗಕ್ಕೂ ನಮ್ಮಲ್ಲಿ ಹಿಂದಿನಿಂದ ವೈರವಿರಲಿಲ್ಲ. 1673ರಿಂದ 1704ರ ವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರ ಹೆಸರು ಹದಿನೆಂಟು ಇಲಾಖೆಗಳ "ಅಠಾರಾ ಕಛೇರಿ"ಯೊಡನೆ ಸೇರಿಬಂದಿದೆ. ಬೆಂಗಳೂರಿನಲ್ಲಿ ಇಂದು ಉಚ್ಚ ನ್ಯಾಯಾಲಯವಿರುವ ಕೆಂಪು ಕಟ್ಟಡಕ್ಕೆ ಆ ಹೆಸರು ಅಂಟಿರುವುದು ವಾಚಕರಿಗೆ ತಿಳಿದೇ ಇದೆ. ಅದೇ ಅರಸರ ಮಂತ್ರಿ ತಿರುಮಲಾರ್ಯರು ಗ್ರಂಥಕರ್ತರು. ಇದಕ್ಕಿಂತ ಹೆಚ್ಚಿನ ಸಂಗತಿಯೆಂದರೆ, ಅದೇ ಅರಮನೆಯಲ್ಲಿ ರಾಣಿಗೆ ಎಲೆಯಡಿಕೆಯ ಸಂಚಿಯನ್ನು ಹಿಡಿದು ನಿಲ್ಲುವ ಊಳಿಗದವಳಾಗಿದ್ದ ಹೊನ್ನಮ್ಮನು "ಹದಿಬದೆಯ ಧರ್ಮ"ವನ್ನು ಸಾಂಗತ್ಯದಲ್ಲಿ ಬರೆದದ್ದು. ಊಳಿಗಕ್ಕಿಂತ ಸಣ್ಣ ಹುದ್ದೆ ಯಾವ ಕಛೇರಿಯಲ್ಲಿದೆ? ಸಂಚಿಯ ಹೊನ್ನಮ್ಮನಿಗೆ ಸಿಕ್ಕಿದ ಬಿಡುವು ನಮ್ಮ ದ್ವಿತೀಯ ದರ್ಜೆಯ ಸಹಾಯಕನಿಗೆ ಸಿಕ್ಕುವುದಿಲ್ಲವೆಂದು ನಂಬುವುದು ಕಷ್ಟ.

ಹೊರದೇಶದ ಒಬ್ಬ ಗುಮಾಸ್ತನ ಮಾತನ್ನೂ ಇಲ್ಲಿ ಹೇಳಬೇಕು. ಹೊರದೇಶದವನಾದರೂ ಅವನಿಗೂ ನಮಗೂ ನಂಟುಂಟು. ಅದು ಅಷ್ಟು ಸಂತೋಷದ ನಂಟಲ್ಲ. 1792ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಗಿ, ಟೀಪು ಸುಲ್ತಾನನು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಕೊಡಲೊಪ್ಪಿದನು. ಮುಂದಿನ ತಿಂಗಳು, ಏಪ್ರಿಲಿನಲ್ಲಿ, ಲಂಡನ್ನಿನ ಈಸ್ಟ್ ಇಂಡಿಯಾ ಕಂಪೆನಿಯ ಲೆಕ್ಕದ ವಿಭಾಗಕ್ಕೆ ಹದಿನೇಳು ವರ್ಷದ ಹುಡುಗನೊಬ್ಬ ಗುಮಾಸ್ತನಾಗಿ ಸೇರಿದನು. ಹೆಸರು ಚಾರ್ಲ್ಸ್ ಲ್ಯಾಮ್. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗಲೂ, ಪೇಶ್ವೆಯರ ರಾಜ್ಯವು 1818ರಲ್ಲಿ ಮುಳುಗಿದಾಗಲೂ ಅವನು ಅದೇ ಕಟ್ಟಡದಲ್ಲಿ ಚಹಾ, ನೀಲಿ, ಬಟ್ಟೆಗಳ ಲೆಕ್ಕ ಬರೆಯುತ್ತಿದ್ದನು. ಮೂವತ್ತಮೂರು ವರ್ಷ ಬರೆದನು. ನಮ್ಮ ದೇಶವನ್ನು ಸುಲಿದ ಕಂಪೆನಿಯ ಪುಸ್ತಕಗಳಲ್ಲಿ ಅವನ ಕೈಬರಹ ತುಂಬಿತ್ತು. ತನ್ನ ನಿಜವಾದ ಗ್ರಂಥಗಳು ಆ ಲೆಕ್ಕದ ಪುಸ್ತಕಗಳೇ ಎಂದು ಅವನೇ ಹಾಸ್ಯಮಾಡಿರುವನು. ಕಂಪೆನಿಯ ಮೇಲಿನ ಸಿಟ್ಟನ್ನು ಈ ಬಡಪಾಯಿಯ ಮೇಲೆ ತೀರಿಸಿಕೊಳ್ಳಲು ನಮಗೆ ಮನಸ್ಸು ಬಾರದು.

ಮನೆಯಲ್ಲಿ ಅವನಿಗಿದ್ದ ಹೊರೆಯನ್ನು ಕೇಳಿದರೆ ನಮ್ಮ ತರುಣರು ತಮ್ಮ ಹೊರೆಯನ್ನು ಮರೆಯುವರು. 1796ರಲ್ಲಿ ಅವನ ಅಕ್ಕ ಮೇರಿಯು ಬುದ್ಧಿಭ್ರಮಣೆಯ ಭರದಲ್ಲಿ ತಾಯಿಯನ್ನೇ ಕೊಂದಳು. ಅವಳನ್ನು ಹುಚ್ಚರ ಆಸ್ಪತ್ರೆಯಲ್ಲಿ ಸಾಯುವವರೆಗೆ ಬಿಡದೆ, ಇಪ್ಪತ್ತೊಂದು ವರ್ಷದ ತಮ್ಮನು ತಾನೇ ನೋಡಿಕೊಳ್ಳುವೆನೆಂದು ಹೊಣೆ ಹೊತ್ತು, ಮದುವೆಯಾಗದೆ ಉಳಿದು, ಕೊನೆಯವರೆಗೆ ಸಾಕಿದನು. ರೋಗವು ಮರುಕಳಿಸದ ದಿನಗಳಲ್ಲಿ ಅಕ್ಕ ತಮ್ಮಂದಿರಿಬ್ಬರೂ ಒಂದೇ ಮೇಜಿನ ಮುಂದೆ ಕೂತು ಷೇಕ್ಸ್‌ಪಿಯರನ ನಾಟಕಗಳನ್ನು ಮಕ್ಕಳಿಗಾಗಿ ಕಥೆಗಳಾಗಿ ಬರೆದರು. 1807ರಲ್ಲಿ ಹೊರಟ ಆ ಪುಸ್ತಕವನ್ನು ನಮ್ಮ ಹೈಸ್ಕೂಲುಗಳಲ್ಲಿ ಎಷ್ಟು ತಲೆಮಾರು ಓದಿದೆಯೆಂಬುದನ್ನು ಹಿರಿಯ ವಾಚಕರು ಬಲ್ಲರು. ಹಗಲು ಕಛೇರಿ, ಇರುಳು ಈ ಕೆಲಸ.

ಲ್ಯಾಮನು ತನ್ನ ಪ್ರಬಂಧವೊಂದರಲ್ಲಿ ಹಳೆಯ ಪುಸ್ತಕ ಕೊಂಡ ಒಂದು ಕಥೆಯನ್ನು ಹೇಳುವನು. ಕೋವೆಂಟ್ ಗಾರ್ಡನ್ನಿನ ಅಂಗಡಿಯಲ್ಲಿ ಹಳೆಯ ನಾಟಕಗಳ ದೊಡ್ಡದೊಂದು ಸಂಪುಟವನ್ನು ಕಂಡು ಮನಸ್ಸಿಟ್ಟದ್ದು. ವಾರಗಟ್ಟಲೆ ಕೊಳ್ಳಲೋ ಬೇಡವೋ ಎಂದು ತೂಗಿ ನೋಡಿದ್ದು. ಶನಿವಾರ ರಾತ್ರಿ ಹತ್ತರ ಸುಮಾರಿಗೆ ಇನ್ನು ತಡೆಯಲಾರದೆ ಓಡಿದ್ದು. ಮುದುಕ ಅಂಗಡಿಯವನು ಗೊಣಗುತ್ತ ದೀಪ ಹಿಡಿದು ಧೂಳಿನಿಂದ ಅದನ್ನು ಹುಡುಕಿ ಕೊಟ್ಟದ್ದು. ಹೊತ್ತು ತಂದು ಮನೆಯಲ್ಲಿ ಸಡಿಲವಾದ ಹಾಳೆಗಳನ್ನು ಅಂಟಿಸುತ್ತ ಕೂತದ್ದು. ಬೆಲೆ ಹದಿನೈದು ಹದಿನಾರು ಷಿಲ್ಲಿಂಗಾದ್ದರಿಂದ ಹರಿದ ಕಪ್ಪು ಅಂಗಿಯನ್ನೇ ಇನ್ನೂ ಒಂದು ತಿಂಗಳು ಹೆಚ್ಚಾಗಿ ತೊಟ್ಟದ್ದು. ಸಂಬಳ ಹೆಚ್ಚಿದ ಮೇಲೆ ಯಾವ ಪುಸ್ತಕವನ್ನಾದರೂ ಕೊಳ್ಳಬಹುದಾಗಿತ್ತು. ಆದರೆ ಆ ರಾತ್ರಿಯ ಸಂತೋಷ ಮತ್ತೆ ಬರಲಿಲ್ಲವೆಂದು ಅಕ್ಕನ ಬಾಯಿಂದ ಹೇಳಿಸಿರುವನು. ಇದನ್ನೇ ನಾವು ಹೊಸ ನೌಕರನಿಗೆ ಕಿವಿಯಲ್ಲಿ ಹೇಳಬೇಕೆಂದಿರುವುದು. ಆ ಸಂತೋಷವನ್ನು ಪಡೆಯುವ ಕಾಲ ಇದೇ. ಸಂಬಳ ಸಣ್ಣದಾಗಿರುವಾಗ, ಅಂಗಡಿಯ ಮುಂದೆ ನಿಂತು ಜೇಬು ಮುಟ್ಟಿ ನೋಡಿಕೊಳ್ಳುವಾಗ, ಒಂದು ಪುಸ್ತಕವೆಂಬುದು ಒಂದು ಘಟನೆ. ಹಿರಿಯ ಅಧಿಕಾರಿಯಾದ ಮೇಲೆ ಅಟ್ಟೆಗಟ್ಟಲೆ ಬಂದು ಬೀಳುವ ಗೌರವಪ್ರತಿಗಳನ್ನು ಯಾರು ತೆರೆಯುವರು?

ಲ್ಯಾಮನು ಕಛೇರಿಗೆ ತಡವಾಗಿ ಬರುತ್ತಿದ್ದುದಕ್ಕೆ ಮೇಲಧಿಕಾರಿ ಆಕ್ಷೇಪಿಸಿದಾಗ, ಅದನ್ನು ಸರಿತೂಗಿಸಲು ಬೇಗ ಹೋಗಿಬಿಡುವೆನಲ್ಲಾ ಎಂದನೆಂದು ಒಂದು ಕಥೆ ಪ್ರಚಾರದಲ್ಲಿದೆ. ಈ ಭಾಗವು ನಮ್ಮವರಿಗೆ ಅನುಕರಣೀಯವಲ್ಲ. ಅಭ್ಯಾಸ ಮಾಡಿಸುವ ಅಗತ್ಯವೂ ಕಾಣದು.

ಇನ್ನು ಸಣ್ಣಪುಟ್ಟ ಸುಖಗಳ ವಿಚಾರ. ಸುಖವೆಂದೊಡನೆಯೇ ಹುಬ್ಬು ಗಂಟಿಕ್ಕುವ ಹಿರಿಯರಿರುವರು. ದೇಶಸೇವೆ, ತ್ಯಾಗ, ಸರಳ ಜೀವನಗಳ ಮಾತಿನಲ್ಲಿ ಬೆಳೆದ ತಲೆಮಾರು ನಮ್ಮದು. ನಾವೂ ಆ ಮಾತುಗಳನ್ನು ಈ ಪುಟದಲ್ಲಿ ಬೇಕಾದಷ್ಟು ಬರೆದಿದ್ದೇವೆ. ಆದರೆ ಸರಳತೆಯೆಂದರೆ ಸುಖವಿಲ್ಲದಿರುವುದಲ್ಲ, ಸುಖವು ಅಗ್ಗವಾಗಿರುವುದು. ಬೀದರಿನ ಹುಡುಗನಿಗೆ ಕೋಲಾರದಲ್ಲಿ ಕೆಲಸ ಸಿಕ್ಕುವುದು. ಚಾಮರಾಜನಗರದ ಹುಡುಗಿಯನ್ನು ರಾಯಚೂರಿಗೆ ಹಾಕುವರು. ಊರು ಹೊಸದು, ಬಿಸಿಲು ಬೇರೆ, ನೀರು ಬೇರೆ, ಮಾತಿನ ಧಾಟಿ ಬೇರೆ. ಬಾಡಿಗೆಯ ಕೋಣೆಯಲ್ಲಿ ಒಂದು ಚಾಪೆ, ಒಂದು ಬಕೀಟು. ಹಗಲೆಲ್ಲ ಪರಿಚಯವಿಲ್ಲದ ಮುಖಗಳು. ಸಂಜೆ ಬಾಗಿಲು ತೆರೆದರೆ ಮಾತಾಡಿಸುವವರಿಲ್ಲ. ಹೊಸ ನೌಕರರು ಕೆಡುವುದು, ಕೆಟ್ಟ ಸಹವಾಸಕ್ಕೆ ಬೀಳುವುದು, ಇಲ್ಲವೆ ಮನಸ್ಸು ಮುದುಡಿ ವರ್ಗಾವಣೆಗಾಗಿ ಯಾರ ಯಾರ ಬಾಗಿಲನ್ನೋ ಕಾಯುವುದು ಈ ಸಂಜೆ ಆರರಿಂದ ಹತ್ತರ ನಡುವಣ ಹೊತ್ತಿನಲ್ಲಿಯೇ. ಆ ಹೊತ್ತಿಗೆ ಒಂದು ರೂಪ ಕೊಡಬೇಕು.

ಆ ರೂಪವು ಬಹಳ ಸಣ್ಣ ವಸ್ತುಗಳಿಂದಾಗುವುದು. ತಾಯಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ. ತಾನೇ ಸೋಸಿದ ಕಾಫಿಯ ಡಿಕಾಕ್ಷನ್ನು. ಅಂಗಡಿಯದಕ್ಕಿಂತ ಅದು ಅಗ್ಗ, ಮತ್ತು ಸೋಸುವ ಆ ಕಾಲುಗಂಟೆಯೇ ಒಂದು ವಿಶ್ರಾಂತಿ. ಬೇಸಿಗೆಯಲ್ಲಿ ಕಿಟಕಿಯ ಬಳಿ ಮಣ್ಣಿನ ಕೂಜ. ಕಣ್ಣಿಗೆ ನೋವಾಗದಂತೆ ಎಡಗಡೆಯಿಂದ ಬೆಳಕು ಬೀಳುವ ದೀಪ. ಕಛೇರಿಯ ಮರದ ಕುರ್ಚಿಗೆ ಮನೆಯಿಂದ ಒಂದು ಹತ್ತಿಯ ದಿಂಬು. ಬೆನ್ನು ನೋಯುತ್ತಿರುವವನು ಅರ್ಜಿದಾರನಿಗೆ ನಗುಮುಖ ತೋರಿಸಲಾರನು. ಒಳ್ಳೆಯದೊಂದು ಲೇಖನಿ. ಮೊದಲ ಸಂಬಳದಲ್ಲಿ ಮನೆಗೆ ಕಳುಹಿಸುವುದನ್ನು ಕಳುಹಿಸಿದ ಮೇಲೆ ಈ ವಸ್ತುಗಳನ್ನೂ ಒಂದೆರಡು ಪುಸ್ತಕಗಳನ್ನೂ ಕೊಂಡವನನ್ನು ದುಂದುಗಾರನೆಂದು ಯಾರೂ ಕರೆಯಕೂಡದು. ಮೊದಲ ಸಂಬಳ ಕೈಗೆ ಬರುವ ಮುಂಚೆಯೇ ಕಂತಿನಲ್ಲಿ ಮೋಟಾರು ಸೈಕಲ್ಲನ್ನು ತಂದು ಮನೆಯ ಮುಂದೆ ನಿಲ್ಲಿಸುವವನು ಬೇರೆ ಜಾತಿಯವನು. ತಿಂಗಳು ತಿಂಗಳೂ ಕಂತು ಕಟ್ಟುವ ಭಯವು ಮನುಷ್ಯನನ್ನು ಮೇಜಿನ ಕೆಳಗೆ ಕೈ ಒಡ್ಡುವಂತೆ ಮಾಡಿದ್ದನ್ನು ನಾವು ಪತ್ರಿಕಾ ವ್ಯವಸಾಯದಲ್ಲಿ ಬೇಕಾದಷ್ಟು ನೋಡಿದ್ದೇವೆ. ಕಾಫಿಗಾಗಿ ಲಂಚ ತಿಂದವನನ್ನು ನೋಡಿಲ್ಲ.

ಮಾಸ್ತಿಯವರು ಪ್ರತಿ ಸಂಜೆಯೂ ಬಸವನಗುಡಿಯ ಕ್ಲಬ್ಬಿಗೆ ಹೋಗಿ ಇಸ್ಪೀಟು ಆಡುತ್ತಿದ್ದುದು ಬೆಂಗಳೂರಿನ ಹಳಬರಿಗೆಲ್ಲ ತಿಳಿದದ್ದೇ. ಅಷ್ಟು ಬರೆದವರಿಗೆ ಇಸ್ಪೀಟಿಗೆ ಹೊತ್ತು ಹೇಗೆ ಸಿಕ್ಕಿತೆಂದು ಕೆಲವರು ಆಶ್ಚರ್ಯಪಡುವರು. ಇಸ್ಪೀಟಿಗೆ ಹೊತ್ತು ಕೊಡಬಲ್ಲ ಮನಸ್ಸಾದ್ದರಿಂದಲೇ ಅಷ್ಟು ಬರೆಯಲಾಯಿತೆಂದು ನಮ್ಮ ಎಣಿಕೆ.

ಹೊತ್ತಿಲ್ಲವೆಂಬುದು ಎಲ್ಲರೂ ಹೇಳುವ ಮಾತು. ಇಲಾಖಾ ಪರೀಕ್ಷೆಗಳಿಗೆ ಓದಬೇಕು, ಸೇವಾ ನಿಯಮಗಳನ್ನು ತಿಳಿಯಬೇಕು, ನಿಜ; ಪ್ರೊಬೇಷನ್ನಿನ ಅವಧಿ ಆಟವಲ್ಲ. ಆದರೆ ಅಂಗೈಯಲ್ಲಿರುವ ಮೊಬೈಲಿನ ಗಾಜನ್ನು ಒರೆಸುತ್ತ ಕಳೆಯುವ ಗಂಟೆಗಳನ್ನು ಯಾವ ಇಲಾಖೆಯೂ ವಿಧಿಸಿಲ್ಲ. ಬೆಂಗಳೂರಿನ ಮೆಟ್ರೋ ರೈಲಿನಲ್ಲಿ ಕಣ್ಣಾಡಿಸಿ ನೋಡಿದರೆ ಡಬ್ಬಿಯೊಂದರಲ್ಲಿ ನೂರು ತಲೆಗಳು ಬಾಗಿರುವುವು. ಪುಸ್ತಕದ ಮೇಲೆ ಬಾಗಿದ ತಲೆ ಒಂದೋ ಎರಡೋ. ಹೋಗುವಾಗ ಇಪ್ಪತ್ತು ಪುಟ, ಬರುವಾಗ ಇಪ್ಪತ್ತು ಪುಟವೆಂದು ಹಿಡಿದರೂ ವಾರಕ್ಕೊಂದು ಪುಸ್ತಕ ಮುಗಿಯುವುದು. ಪುಸ್ತಕವನ್ನು ಆ ಮೊಬೈಲಿನಲ್ಲಿಯೇ ಓದುವೆನೆನ್ನುವವರೊಡನೆ ನಮಗೆ ಜಗಳವಿಲ್ಲ, ಓದುವುದು ನಿಜವಾದರೆ.

ಕಛೇರಿಯ ವೇಳೆಯಲ್ಲಿ ಮೇಜಿನ ಖಾನೆಯೊಳಗೆ ಕಾದಂಬರಿಯನ್ನಿಟ್ಟುಕೊಂಡು, ಎದುರಿಗೆ ನಿಂತ ರೈತನಿಗೆ "ಆಮೇಲೆ ಬಾ" ಎನ್ನುವವನಿಗೆ ಮಾತ್ರ ನಮ್ಮ ಈ ಲೇಖನದಲ್ಲಿ ಆಶ್ರಯವಿಲ್ಲ. ಹಾಗೆ ಓದಿದ ಪುಸ್ತಕವು ಎಷ್ಟು ಒಳ್ಳೆಯದಾದರೂ ಕದ್ದ ಹೊತ್ತಿನದು.

ಹೆಣ್ಣುಮಕ್ಕಳ ವಿಷಯವಾಗಿ ಒಂದು ಮಾತನ್ನು ಬೇರೆಯಾಗಿಯೇ ಹೇಳಬೇಕು. ಮೇಲೆ ಬರೆದ ಸಂಜೆ ಆರರಿಂದ ಹತ್ತರ ಹೊತ್ತು ಅವಿವಾಹಿತ ತರುಣನಿಗೆ ಬರಿದಾಗಿರುವುದು. ಮದುವೆಯಾದ ನೌಕರಳಿಗೆ ಅದು ಎರಡನೆಯ ಕಛೇರಿ. ಹಗಲು ಗಂಡನಷ್ಟೇ ಕಡತಗಳನ್ನು ನೋಡಿ ಬಂದವಳು ಬಂದ ಕೂಡಲೆ ಒಲೆಯ ಮುಂದೆ ನಿಲ್ಲುವಳು; ಗಂಡನು ಪತ್ರಿಕೆಯನ್ನು ಬಿಡಿಸಿಕೊಂಡು ಕೂರುವನು. ಅದು ನಮ್ಮ ಪತ್ರಿಕೆಯೇ ಆಗಿದ್ದರೂ ಕೆಳಗಿಟ್ಟು ಕಾಯಿಪಲ್ಯ ಹೆಚ್ಚಿಕೊಡಲೆಂದು ನಮ್ಮ ವಿಜ್ಞಾಪನೆ. ಅವಳಿಗೆ ಓದುವ ಹೊತ್ತನ್ನು ಅವಳೊಬ್ಬಳೇ ಹುಟ್ಟಿಸಿಕೊಳ್ಳಲಾರಳು, ಮನೆಯವರು ಬಿಟ್ಟುಕೊಡಬೇಕು.

ಕೊಳ್ಳಲು ಹಣವಿಲ್ಲವೆನ್ನುವವರಿಗೆ ಉತ್ತರ ಸುಲಭ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾನೂನಿನಂತೆ ಪಟ್ಟಣಗಳಲ್ಲಿ ಮನೆಯ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ವಸೂಲು ಮಾಡಲಾಗುತ್ತಿದೆ. ತೆರಿಗೆಯ ನೂರು ರೂಪಾಯಿಗೆ 6 ರೂಪಾಯಿ. ಮನೆಯ ಯಜಮಾನನು ಅದನ್ನು ಬಾಡಿಗೆಯಲ್ಲಿ ಸೇರಿಸದೆ ಬಿಟ್ಟಿರಲಾರನು. ಕೊಟ್ಟ ಹಣದ ಪುಸ್ತಕವನ್ನು ಓದದಿರುವುದು ಹೋಟೆಲಿನಲ್ಲಿ ಚೀಟಿ ಕೊಂಡು ಊಟ ಮಾಡದೆ ಎದ್ದುಬಂದಂತೆ. ಬೆಂಗಳೂರಿನಲ್ಲಿರುವವರು ಕಬ್ಬನ್ ಉದ್ಯಾನದಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕವಾದ ಕೆಂಪು ಕಟ್ಟಡದ ಗ್ರಂಥಾಲಯಕ್ಕೆ ಒಂದು ಸಂಜೆ ಹೋಗಿ ನೋಡಲಿ. ವಿಧಾನಸೌಧದಿಂದ ಅಲ್ಲಿಗೆ ನಡೆದು ಹೋಗುವಷ್ಟೇ ದೂರ. ತಾಲ್ಲೂಕುಗಳ ಗ್ರಂಥಾಲಯಗಳು ಎಲ್ಲೆಡೆಯೂ ಚೆನ್ನಾಗಿಲ್ಲವೆಂಬುದನ್ನು ನಾವು ಬಲ್ಲೆವು. ಕೇಳುವವರು ಬಾಗಿಲಿಗೆ ಬಂದರೆ ಅವು ಸುಧಾರಿಸುವುವು. ಅಧಿಕಾರಿಯೇ ಸದಸ್ಯನಾಗಿ ಬಂದು ಕೂತರೆ ಇನ್ನೂ ಬೇಗ ಸುಧಾರಿಸುವುವು.

ಪ್ರತಿಯೊಂದು ಕಛೇರಿಯ ನೌಕರರೂ ತಮ್ಮೊಳಗೇ ತಿಂಗಳಿಗೆ ಒಂದು ಊಟದ ಬೆಲೆಯಷ್ಟು ವಂತಿಗೆ ಹಾಕಿ ಒಂದು ಪುಸ್ತಕದ ಬೀರುವನ್ನು ಇಡಬಹುದೆಂದು ನಮ್ಮ ಸೂಚನೆ. ಇದಕ್ಕೆ ಸರಕಾರದ ಮಂಜೂರಾತಿಯೂ ಬೇಡ, ಸುತ್ತೋಲೆಯೂ ಬೇಡ. ಬಂದರೆ ಅನುಬಂಧಗಳೊಡನೆ ಬಂದು ಕೆಲಸ ಕೆಡುವುದು. ಇಪ್ಪತ್ತು ಜನರಿರುವ ಕಛೇರಿಯಲ್ಲಿ ವರ್ಷಕ್ಕೆ ನೂರು ಪುಸ್ತಕ ಕೂಡುವುದು ಕಷ್ಟವಲ್ಲ. ಮಾಸ್ತಿ, ಪುಟ್ಟಣ್ಣನವರಿಂದ ಆರಂಭಿಸಬಹುದು. ತಮ್ಮ ಕಸುಬಿನವರು ಬರೆದದ್ದೆಂಬ ಸಲಿಗೆ ಓದುಗರಿಗೆ ಇರುವುದು. ಬೀರುವಿನ ಬೀಗದ ಕೈಯನ್ನು ಮಾತ್ರ ಮೇಲ್ವಿಚಾರಕರ ವಶಕ್ಕೆ ಕೊಡಕೂಡದು. ಅವರು ಸಭೆಗೆ ಹೋಗುವರು, ರಜೆಯ ಮೇಲೆ ಹೋಗುವರು, ವರ್ಗವಾಗಿ ಹೋಗುವರು. ಕೈಯೂ ಅವರೊಡನೆ ಹೋಗುವುದು. ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆದು, ಎಲ್ಲರಿಗಿಂತ ಕೊನೆಯಲ್ಲಿ ದೀಪ ಆರಿಸಿ ಹೋಗುವ ಜವಾನನ ಹತ್ತಿರ ಅದಿರಲಿ, ಮತ್ತು ಮೊದಲನೆಯ ಪುಸ್ತಕವನ್ನು ಒಯ್ಯುವ ಹಕ್ಕೂ ಅವನದಾಗಿರಲಿ.